ಎರಡು ವೂಫರ್, ನಾಲ್ಕು ಕಾಯಿಲ್, ಒಂದು ಓಮ್: ಮುಧೋಳದ ಕಬ್ಬಿನ ಟ್ರ್ಯಾಕ್ಟರಿನ ಡೆಕ್ಕಿನ ಪ್ರಕರಣ

ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಟ್ರ್ಯಾಕ್ಟರ್ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಈ ಪ್ರಕರಣದ ಗಾಡಿಯೂ ಅಂಥದ್ದೇ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, 12 ವೋಲ್ಟಿನ 88 ಎಎಚ್ (ಆಂಪಿಯರ್-ತಾಸು) ಬ್ಯಾಟರಿ, ಅದನ್ನು ತುಂಬುವ 36 ಆಂಪಿಯರ್ ಆಲ್ಟರ್ನೇಟರ್. ಸೀಟಿನ ಹಿಂದೆ, ಎರಡು ಮಡ್‌ಗಾರ್ಡ್‌ಗಳ ನಡುವೆ ಆಂಗಲ್ ಫ್ರೇಮು. ಅದರ ಮೇಲೆ ಪೋರ್ಟ್ (ಗಾಳಿ ಆಡುವ ಕಿಂಡಿ) ಇರುವ ಪ್ಲೈವುಡ್ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕಾರಿಗೆಂದು ಮಾರುವ 12 ಇಂಚಿನ ಸಬ್‌ವೂಫರ್ (ಬೇಸ್ ಬಾರಿಸುವ ದೊಡ್ಡ ಸ್ಪೀಕರ್) ಎರಡು. ಹೋದ ಹಂಗಾಮಿನಲ್ಲಿ ಒಂದೇ ವೂಫರ್ ಇತ್ತು. ಈ ಸಲ ಅದರ ಜೋಡಿ ತಂದು, ಪೆಟ್ಟಿಗೆ ದೊಡ್ಡದು ಮಾಡಿಸಿ, ಹಳೆಯ ಆಂಪ್ಲಿಫೈಯರಿಗೇ ಎರಡನ್ನೂ ಜೋಡಿಸಿದ್ದರು.

"ಒಂದ ಇದ್ದಾಗ ಎದಿಗಿ ಬಡೀತಿತ್ರಿ. ಎರಡ ಹಾಕಿಸಿದ ಮ್ಯಾಲ ದಮ್ಮ ಇಲ್ಲದಂಗ ಆಗೇತಿ." ಮಾಲೀಕರ ಮೊದಲ ದೂರು ಇದು. ಉಳಿದವು ಒಂದೊಂದಾಗಿ ಹೊರಬಂದವು. ಹತ್ತು ಹದಿನೈದು ನಿಮಿಷ ಬಾರಿಸಿದರೆ ಆಂಪ್ಲಿಫೈಯರಿನ ಕೆಂಪು ಪ್ರೊಟೆಕ್ಟ್ ದೀಪ ಹತ್ತಿ ಬೇಸ್ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಮರಳುತ್ತದೆ. ರಾತ್ರಿ ಓಡಿಸುವಾಗ ಪ್ರತಿ ಬಡಿತಕ್ಕೂ ಹೆಡ್‌ಲೈಟು ಮಿಣುಕುತ್ತದೆ. ಕಾರ್ಖಾನೆಯ ಅಂಗಳದಲ್ಲಿ ನಂಬರು ಬರುವವರೆಗೆ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ. ಪಕ್ಕದ ಟ್ರ್ಯಾಕ್ಟರಿನಿಂದ ವೈರ್ ಕೊಟ್ಟು ಚಾಲೂ ಮಾಡಬೇಕು. ಒಂದು ದಿನ ಪೆಟ್ಟಿಗೆಯಿಂದ ಸುಟ್ಟ ವಾಸನೆಯೂ ಬಂದಿತ್ತು. ಜೋಡಿಸಿದವರು ಆಂಪ್ಲಿಫೈಯರೇ ಕೆಟ್ಟಿದೆ, ಇನ್ನೂ ದೊಡ್ಡದು ಹಾಕಿಸಿ ಎಂದಿದ್ದರು.

ಆಂಪ್ಲಿಫೈಯರ್ ಕೆಟ್ಟಿರಲಿಲ್ಲ. ತನಗೆ ಹೊರಲಾಗದ ಭಾರ ಬಿದ್ದಾಗ ಅದು ಸರಿಯಾಗಿಯೇ ಕೈಬಿಡುತ್ತಿತ್ತು.

ಮೀಟರ್ ಹೇಳಿದ್ದು

ಮೊದಲು ಆಂಪ್ಲಿಫೈಯರಿನ ಮೈಮೇಲಿನ ಅಕ್ಷರ. ಮೇಲ್ಭಾಗದಲ್ಲಿ ದಪ್ಪಗೆ 2000 ವ್ಯಾಟ್ ಎಂದಿದೆ. ಅದನ್ನು ಬಿಟ್ಟು ಟರ್ಮಿನಲ್ ಪಕ್ಕದ ಸಣ್ಣ ಅಕ್ಷರ ಓದಬೇಕು: 4 ಓಮಿಗೆ 300 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವ್ಯಾಟ್), 2 ಓಮಿಗೆ 500 ವ್ಯಾಟ್, ಕನಿಷ್ಠ ಲೋಡ್ 2 ಓಮ್. ಲೋಡ್ ಎಂದರೆ ಆಂಪ್ಲಿಫೈಯರಿಗೆ ಕಾಣುವ ಸ್ಪೀಕರಿನ ತಡೆ; ಓಮ್ ಇಳಿದಷ್ಟೂ ಎಳೆಯುವ ಕರೆಂಟ್ ಹೆಚ್ಚು. ಸಣ್ಣ ಅಕ್ಷರದ ಮೇಲೂ ನಂಬಿಕೆ ಇಲ್ಲದಿದ್ದರೆ ಫ್ಯೂಸ್ ನೋಡಿ. ಕಂಪನಿಯಿಂದ ಬಂದಾಗ ಇದ್ದದ್ದು 25 ಆಂಪಿಯರಿನ ಎರಡು ಬ್ಲೇಡ್ ಫ್ಯೂಸ್. 50 ಆಂಪಿಯರ್ ಗುಣಿಸು 13.8 ವೋಲ್ಟ್ ಅಂದರೆ ಒಳಗೆ ಹೋಗುವುದೇ 690 ವ್ಯಾಟ್; ಕರೆಂಟ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಆಂಪ್ಲಿಫೈಯರ್ ಅದರಲ್ಲಿ ನೂರಕ್ಕೆ ಎಂಬತ್ತು ಹೊರಗೆ ಕೊಟ್ಟರೂ 550. ಎರಡು ಸಾವಿರ ಎಲ್ಲಿಂದ ಬರಬೇಕು? ಈ ಗಾಡಿಯಲ್ಲಿ ಒಂದು ಫ್ಯೂಸ್ ಹಾರಿದಾಗ ಅದರ ಜಾಗಕ್ಕೆ 40 ಆಂಪಿಯರಿನದು ತುರುಕಿದ್ದರು. ಹಾರಿದ ಫ್ಯೂಸ್ ಹೇಳಲು ಬಂದಿದ್ದ ಮಾತು ಅಲ್ಲಿಗೆ ಮುಗಿದುಹೋಗಿತ್ತು.

ಸ್ಪೀಕರ್ ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ವೈರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದಾಗ 1.2 ಓಮ್ ಬಂತು. ಮೀಟರಿನ ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದರೆ 0.3 ತೋರಿಸುತ್ತಿತ್ತು, ಅದನ್ನು ಕಳೆದರೆ 0.9. ಕಡಿಮೆ ಓಮ್ ಅಳೆಯುವಾಗ ಈ ಕಳೆಯುವ ಲೆಕ್ಕ ಬಿಟ್ಟರೆ ಉತ್ತರವೇ ತಪ್ಪುತ್ತದೆ. 4 ಓಮ್ ಎಂದು ಬರೆದ ಕಾಯಿಲ್ (ಸ್ಪೀಕರಿನ ಕೋನನ್ನು ಅಲುಗಾಡಿಸುವ ತಂತಿಯ ಸುರುಳಿ) ಮೀಟರಿನಲ್ಲಿ 4 ತೋರಿಸುವುದಿಲ್ಲ, ಸಾಮಾನ್ಯವಾಗಿ 3.2ರಿಂದ 3.6ರೊಳಗೆ ಇರುತ್ತದೆ, ಏಕೆಂದರೆ ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್ ಮಾತ್ರ. ಹಾಗಾಗಿ 0.9 ಎಂದರೆ 1 ಓಮಿನ ಜೋಡಣೆ. ಕನಿಷ್ಠ 2 ಓಮ್ ಬೇಡುವ ಆಂಪ್ಲಿಫೈಯರಿಗೆ ಅದರ ಅರ್ಧದಷ್ಟೇ ಕೊಟ್ಟಂತಾಗಿತ್ತು.

ಹೀಗಾದದ್ದು ಹೇಗೆ ಎಂಬುದು ಮುಖ್ಯ, ಏಕೆಂದರೆ ಇಲ್ಲಿ ಅಜ್ಞಾನಕ್ಕಿಂತ ಹಳೆಯ ರೂಢಿಯ ಪಾಲು ಹೆಚ್ಚು. ಈ ವೂಫರ್‌ಗಳು ಡಬಲ್ ಕಾಯಿಲಿನವು: ಒಂದೇ ಕೋನಿಗೆ 4 ಓಮಿನ ಎರಡು ಕಾಯಿಲ್, ಹಿಂದೆ ನಾಲ್ಕು ಟರ್ಮಿನಲ್. ಹೋದ ವರ್ಷ ಒಂದೇ ವೂಫರಿನ ಎರಡು ಕಾಯಿಲನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ) ಕೊಟ್ಟಿದ್ದರು, ಲೋಡ್ 2 ಓಮ್, ಆಂಪ್ಲಿಫೈಯರಿಗೆ ಒಪ್ಪುವಂಥದ್ದು. ಈ ವರ್ಷ ಎರಡನೆಯದನ್ನೂ ಅದೇ ರೀತಿ ಜೋಡಿಸಿ ಮೊದಲನೆಯದರ ಪಕ್ಕಕ್ಕೆ ಸೇರಿಸಿದರು. 2 ಮತ್ತು 2 ಪ್ಯಾರಲಲ್ ಆದಾಗ 1. ಹೋದ ವರ್ಷ ಸರಿಯಾಗಿದ್ದದ್ದೇ ಈ ವರ್ಷ ತಪ್ಪಾಯಿತು.

ಇಷ್ಟರಿಂದ ಕೆಂಪು ದೀಪದ ಕಾರಣ ಸಿಕ್ಕಿತು. ಆದರೆ ದಮ್ಮು ಯಾಕಿಲ್ಲ? ಇದಕ್ಕೆ ಮೀಟರಿಗಿಂತ ಒಂದು ಪೆನ್ಸಿಲ್ ಸೆಲ್ ಹೆಚ್ಚು ಉಪಯೋಗಕ್ಕೆ ಬಂತು. ಹೊಸ 1.5 ವೋಲ್ಟಿನ ಸೆಲ್ಲಿಗೆ ಎರಡು ತುಂಡು ವೈರ್ ಹಿಡಿದು, ವೂಫರಿನ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕ್ಷಣ ಮಾತ್ರ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಹಳೆಯ ವೂಫರ್ ಟಪ್ ಎಂದು ಹೊರಗೆ ಬಂತು. ಹೊಸದು ಜಪ್ಪಯ್ಯ ಅನ್ನಲಿಲ್ಲ. ಮೀಟರಿನಲ್ಲಿ ಮಾತ್ರ ಎರಡೂ ಒಂದೇ: 1.7 ಓಮ್. ವೂಫರನ್ನು ಪೆಟ್ಟಿಗೆಯಿಂದ ಬಿಚ್ಚಿ ನೋಡಿದರೆ ಎರಡನೇ ಕಾಯಿಲಿನ ವೈರ್ ಅದಲುಬದಲು. ಎರಡೆಳೆಯ ಕಪ್ಪು ವೈರ್, ಯಾವ ಎಳೆ ಯಾವುದು ಎಂಬ ಗುರುತಿನ ಗೆರೆಯಿಲ್ಲ. ಒಂದು ಕಾಯಿಲ್ ಕೋನನ್ನು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ಇಬ್ಬರು ಒಂದೇ ಬಾಗಿಲನ್ನು ಆಚೀಚೆಯಿಂದ ದಬ್ಬಿದ ಹಾಗೆ.

ಈ ತಪ್ಪಿನ ಕೆಡುಕು ಸದ್ದು ಬರದಿರುವುದಕ್ಕೇ ಮುಗಿಯುವುದಿಲ್ಲ. ಅಲುಗಾಡುವ ಕೋನ್ ತಾನೇ ಸ್ವಲ್ಪ ವೋಲ್ಟೇಜ್ ಹುಟ್ಟಿಸಿ ಬರುವ ಕರೆಂಟಿಗೆ ಎದುರು ನಿಲ್ಲುತ್ತದೆ. ಹಾಗಾಗಿ ಓಡುವ ವೂಫರಿನ ಇಂಪೀಡೆನ್ಸ್ (ಹಾಡಿನ ಕರೆಂಟಿಗೆ ಸಿಗುವ ಒಟ್ಟು ತಡೆ) ಮೀಟರಿನ ಓಮಿಗಿಂತ ಹೆಚ್ಚಿರುತ್ತದೆ. ಅಲುಗಾಡದ ಕೋನಿಗೆ ಆ ತಡೆಯೂ ಇಲ್ಲ, ಗಾಳಿ ಆಡಿ ಕಾಯಿಲ್ ತಣ್ಣಗಾಗುವ ಅನುಕೂಲವೂ ಇಲ್ಲ. ಅಂದರೆ ಮೂಕಾಗಿದ್ದ ವೂಫರೇ ಹೆಚ್ಚು ಕರೆಂಟ್ ತಿಂದು ಪೂರ್ತಿ ಶಾಖ ಮಾಡುತ್ತಿತ್ತು. ಸುಟ್ಟ ವಾಸನೆ ಅಲ್ಲಿಂದಲೇ. ನಾಲ್ಕೂ ಕಾಯಿಲನ್ನು ಬಿಡಿಯಾಗಿ ಅಳೆದಾಗ 3.4, 3.5, 3.4, 3.4 ಬಂದವು; ಕೋನನ್ನು ಎರಡು ಕೈಯ ಬೆರಳುಗಳಿಂದ ಸಮನಾಗಿ ಒತ್ತಿದಾಗ ಒಳಗೆ ಕೆರೆಯುವ ಸದ್ದಿರಲಿಲ್ಲ. ಕಾಯಿಲ್ ಉಳಿದಿತ್ತು. ಯಾವುದಾದರೂ ಒಂದು 2.5ರ ಆಸುಪಾಸಿಗೆ ಇಳಿದಿದ್ದರೆ ಒಳಗೆ ಸುತ್ತುಗಳು ಒಂದಕ್ಕೊಂದು ಹತ್ತಿವೆ ಎಂದು ತಿಳಿದು ಆ ವೂಫರನ್ನು ಬದಿಗಿಡಬೇಕಿತ್ತು.

ಬ್ಯಾಟರಿಯಿಂದ ಆಂಪ್ಲಿಫೈಯರಿನವರೆಗೆ

ಟ್ರ್ಯಾಕ್ಟರಿನ ಮೂತಿಯಲ್ಲಿರುವ ಬ್ಯಾಟರಿಯಿಂದ ಹಿಂದಿನ ಪೆಟ್ಟಿಗೆಗೆ ಮೂರೂವರೆ ಮೀಟರ್ ವೈರ್. ಹೊದಿಕೆಯ ಮೇಲೆ 4 ಗೇಜ್ ಎಂದು ಅಚ್ಚು, ಮೇಲಿನಿಂದ ನೋಡಿದರೆ ಹೆಬ್ಬೆರಳಿನಷ್ಟು ದಪ್ಪ. ಬ್ಲೇಡಿನಿಂದ ಸೀಳಿದಾಗ ಒಳಗಿನ ತಂತಿಯ ಕಟ್ಟು ಕೇವಲ 4 ಮಿಲಿಮೀಟರ್: ಅಂದರೆ 8 ಗೇಜ್ (ಗೇಜಿನ ಅಂಕಿ ಏರಿದಷ್ಟೂ ವೈರ್ ತೆಳು), ಸುಮಾರು 8.4 ಚದರ ಮಿ.ಮೀ. ಎಳೆಯನ್ನು ಕೆರೆದರೆ ಒಳಗೆ ಬಿಳಿ, ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ. ಇಂಥ ತಂತಿ ಅದೇ ದಪ್ಪದ ತಾಮ್ರದ ಮೂರನೇ ಎರಡು ಪಾಲಿನಷ್ಟು ಮಾತ್ರ ಕರೆಂಟ್ ಸಲೀಸಾಗಿ ಒಯ್ಯುತ್ತದೆ. ಬ್ಯಾಟರಿ ಹತ್ತಿರ ಫ್ಯೂಸ್ ಇರಲೇ ಇಲ್ಲ. ಬಾನೆಟ್ಟಿನ ತಗಡಿಗೆ ಉಜ್ಜಿ ಹೊದಿಕೆ ಹರಿದಿದ್ದರೆ 88 ಎಎಚ್ ಬ್ಯಾಟರಿಯ ಪೂರ್ತಿ ಶಕ್ತಿ ಆ ವೈರಿನ ಮೇಲೆ ಬೀಳುತ್ತಿತ್ತು, ಡೀಸೆಲ್ ಪೈಪು ಅಲ್ಲೇ ಪಕ್ಕದಲ್ಲಿ. ಆಂಪ್ಲಿಫೈಯರಿನ ಫ್ಯೂಸ್ ಅದನ್ನು ತಡೆಯುವುದಿಲ್ಲ. ಅದು ಇರುವುದು ವೈರಿನ ಆ ತುದಿಯಲ್ಲಿ.

ನೆಗೆಟಿವ್ ವೈರನ್ನು ಮಡ್‌ಗಾರ್ಡಿನ ಬೋಲ್ಟಿಗೆ, ಬಣ್ಣದ ಮೇಲೆಯೇ ಬಿಗಿದಿದ್ದರು. ಮಡ್‌ಗಾರ್ಡ್ ಬರೀ ತಗಡು. ಅದರಿಂದ ಎರಕದ ಹೌಸಿಂಗಿಗೆ ಹೋಗುವ ಪ್ರತಿ ಜೋಡಿನಲ್ಲೂ ಬಣ್ಣ, ಮಣ್ಣು, ತುಕ್ಕು.

ಎಂಜಿನ್ 1500 ಆರ್‌ಪಿಎಂನಲ್ಲಿಟ್ಟು, 40 ಹರ್ಟ್ಸಿನ ಟೋನ್ ಕೆಲವೇ ಸೆಕೆಂಡು ಬಾರಿಸಿ ಅಳೆದದ್ದು ಹೀಗಿದೆ. ಡಿಸಿ ಅಳೆಯುವ ಕ್ಲಾಂಪ್ ಮೀಟರ್ ಬೇಕು. ಮನೆ ವೈರಿಂಗಿನವರ ಮಾಮೂಲಿ ಕ್ಲಾಂಪ್ ಎಸಿ ಮಾತ್ರ ತೋರಿಸುತ್ತದೆ. ಕರೆಂಟ್ 62 ಆಂಪಿಯರ್. ಹಾಡಿಲ್ಲದಾಗ 13.9 ಇದ್ದ ಬ್ಯಾಟರಿ ವೋಲ್ಟೇಜ್ 12.4ಕ್ಕೆ ಬಿತ್ತು: 36 ಆಂಪಿಯರ್ ಆಲ್ಟರ್ನೇಟರ್ ಸೋತು ಉಳಿದದ್ದನ್ನು ಬ್ಯಾಟರಿ ತುಂಬುತ್ತಿದೆ ಎಂದರ್ಥ. ಪಾಸಿಟಿವ್ ದಾರಿಯಲ್ಲಿ 0.9 ವೋಲ್ಟ್ ನಷ್ಟ, ನೆಗೆಟಿವ್ ದಾರಿಯಲ್ಲಿ 0.6. ಆಂಪ್ಲಿಫೈಯರಿಗೆ ತಲುಪಿದ್ದು 10.9. ಇನ್ನರ್ಧ ವೋಲ್ಟ್ ಇಳಿದರೆ ಇಂಥ ಬಹುತೇಕ ಆಂಪ್ಲಿಫೈಯರ್‌ಗಳು ಕಡಿಮೆ ವೋಲ್ಟೇಜಿಗೇ ಪ್ರೊಟೆಕ್ಟಿಗೆ ಹೋಗುತ್ತವೆ. 62 ಆಂಪಿಯರ್ ಗುಣಿಸು 0.6 ವೋಲ್ಟ್, ಸುಮಾರು 37 ವ್ಯಾಟ್. ಮಡ್‌ಗಾರ್ಡಿನ ಆ ದಾರಿಯಲ್ಲಿ ಒಂದೂವರೆ ಸೋಲ್ಡರಿಂಗ್ ಕಡ್ಡಿಯಷ್ಟು ಶಾಖ ಸುಮ್ಮನೆ ಹೋಗುತ್ತಿತ್ತು. ಬೋಲ್ಟ್ ಮುಟ್ಟಿದರೆ ಕೈ ಸುಡುವಂತಿತ್ತು.

ಬೆಳಿಗ್ಗೆ ಸೆಲ್ಫ್ ಹೊಡೆಯದ ಗುಟ್ಟು ಸಣ್ಣದೊಂದು ತುಂಡು ವೈರಿನಲ್ಲಿತ್ತು. ಆಂಪ್ಲಿಫೈಯರನ್ನು ಚಾಲೂ-ಬಂದ್ ಮಾಡುವ ರಿಮೋಟ್ ಟರ್ಮಿನಲ್ಲಿಗೆ, ಹಾಡು ಬಾರಿಸುವ ಡೆಕ್ಕಿನ ನೀಲಿ-ಬಿಳಿ ವೈರ್ ಬರಬೇಕು. ಡೆಕ್ ಬಂದ್ ಆದಾಗ ಆಂಪ್ಲಿಫೈಯರೂ ಮಲಗಬೇಕು. ಇಲ್ಲಿ ಪಾಸಿಟಿವ್ ಟರ್ಮಿನಲ್ಲಿನಿಂದಲೇ ಒಂದು ತುಂಡು ತಂದು ಕೊಟ್ಟಿದ್ದರು. ಹಾಡಿಲ್ಲದೆ ಸುಮ್ಮನಿದ್ದರೂ 1.1 ಆಂಪಿಯರ್, 24 ತಾಸಿಗೆ 26 ಎಎಚ್. ಅದರ ಮೇಲೆ ಅಂಗಳದಲ್ಲಿ ಎಂಜಿನ್ ಬಂದ್ ಮಾಡಿ ರಾತ್ರಿ ಹಾಡು.

ಸರಿಪಡಿಸಿದ ಬಗೆ

4 ಓಮಿನ ಡಬಲ್ ಕಾಯಿಲ್ ವೂಫರ್ ಎರಡಿದ್ದರೆ ಸಮನಾಗಿ ಪಾಲಾಗುವ ಜೋಡಣೆಗಳಿಂದ ಸಿಗುವುದು 1, 4 ಅಥವಾ 16 ಓಮ್. ನಾಲ್ಕೂ ಕಾಯಿಲ್ ದುಡಿಯಬೇಕೆಂದರೆ 2 ಓಮ್ ಯಾವ ಜಾಣತನದಿಂದಲೂ ಬರುವುದಿಲ್ಲ. 2 ಓಮ್ ಬೇಕಿದ್ದರೆ ಕೊಳ್ಳುವಾಗಲೇ 2 ಓಮಿನ ಡಬಲ್ ಕಾಯಿಲಿನವನ್ನೋ 4 ಓಮಿನ ಸಿಂಗಲ್ ಕಾಯಿಲಿನವನ್ನೋ ಆರಿಸಬೇಕಿತ್ತು. ಹಾಗಾಗಿ ಇಲ್ಲಿ 4 ಓಮ್, 300 ವ್ಯಾಟ್.

"ಐನೂರು ಹೋಗಿ ಮುನ್ನೂರು ಆತಲ್ಲರಿ" ಎಂಬ ಕೊರಗು ಸಹಜ. ಆದರೆ ಕಿವಿಯ ಲೆಕ್ಕದಲ್ಲಿ 500ಕ್ಕೂ 300ಕ್ಕೂ ಇರುವ ಅಂತರ 2.2 ಡೆಸಿಬೆಲ್, ಅಷ್ಟೇ.

4 ಓಮಿಗೆ ದಾರಿ ಎರಡು. ಪ್ರತಿ ವೂಫರಿನ ಎರಡು ಕಾಯಿಲ್ ಸೀರೀಸ್ (ಒಂದರ ಹಿಂದೊಂದು) ಮಾಡಿ 8 ಓಮ್, ಆಮೇಲೆ ಎರಡು ವೂಫರ್ ಪ್ಯಾರಲಲ್. ಇಲ್ಲವೇ ಪ್ರತಿ ವೂಫರಿನ ಕಾಯಿಲ್ ಪ್ಯಾರಲಲ್ ಮಾಡಿ 2 ಓಮ್, ಆಮೇಲೆ ವೂಫರ್‌ಗಳು ಸೀರೀಸ್. ಕಾಗದದ ಮೇಲೆ ಎರಡೂ ಒಂದೇ. ಹೊಲದ ದಾರಿಯಲ್ಲಿ ಕುಣಿಯುವ ಟ್ರ್ಯಾಕ್ಟರಿಗೆ ಮೊದಲನೆಯದೇ ವಾಸಿ: ಒಂದರ ವೈರ್ ಕಳಚಿದರೂ ಇನ್ನೊಂದು 8 ಓಮಿನಲ್ಲಿ ಹಾಡುತ್ತಿರುತ್ತದೆ, ಯಾವುದು ಕಳಚಿದೆ ಎಂಬುದೂ ಕೂಡಲೇ ಗೊತ್ತಾಗುತ್ತದೆ. ಎರಡನೆಯದರಲ್ಲಿ ವೂಫರ್‌ಗಳ ನಡುವಿನ ಕೊಂಡಿ ಕಳಚಿದರೆ ಎರಡೂ ಮೂಕ.

ಕೆಲಸ ಶುರು ಮಾಡುವಾಗ ಎಂಜಿನ್ ಬಂದ್, ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚುವುದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕಳಚಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿದು ಡೆಕ್ಕನ್ನೂ ಆಂಪ್ಲಿಫೈಯರನ್ನೂ ಸುಡಬಹುದು.

ಪ್ರತಿ ವೂಫರಿನಲ್ಲಿ ಮೊದಲ ಕಾಯಿಲಿನ ಮೈನಸ್‌ನಿಂದ ಎರಡನೇ ಕಾಯಿಲಿನ ಪ್ಲಸ್‌ಗೆ ಒಂದು ಸಣ್ಣ ತುಂಡು ವೈರ್. ಉಳಿಯುವುದು ಮೊದಲ ಕಾಯಿಲಿನ ಪ್ಲಸ್, ಎರಡನೇ ಕಾಯಿಲಿನ ಮೈನಸ್, ಇವೆರಡೇ ಹೊರಗೆ. ಎರಡೂ ವೂಫರಿನ ಪ್ಲಸ್ ಸೇರಿ ಆಂಪ್ಲಿಫೈಯರಿನ ಪ್ಲಸ್‌ಗೆ, ಮೈನಸ್ ಸೇರಿ ಮೈನಸ್‌ಗೆ. ಹಳೆಯ 0.75 ಚದರ ಮಿ.ಮೀ. ವೈರ್ ತೆಗೆದು ಕೆಂಪು-ಕಪ್ಪು ಬೇರೆ ಬೇರೆ ಬಣ್ಣದ 2.5 ಚದರ ಮಿ.ಮೀ. ತಾಮ್ರದ ಮಲ್ಟಿಸ್ಟ್ರಾಂಡ್ ವೈರ್ ಹಾಕಲಾಯಿತು. ಪೆಟ್ಟಿಗೆ ಮುಚ್ಚುವ ಮುನ್ನ ಮತ್ತೆ ಪೆನ್ಸಿಲ್ ಸೆಲ್: ಈಗ ಆಂಪ್ಲಿಫೈಯರ್ ತುದಿಯಿಂದ ಮುಟ್ಟಿಸಿದರೆ ಎರಡೂ ಕೋನ್ ಒಟ್ಟಿಗೆ ಹೊರಗೆ ಬಂದವು. ಮೀಟರ್ 3.7 ತೋರಿಸಿತು, 0.3 ಕಳೆದು 3.4. ಈ ಎರಡು ಪರೀಕ್ಷೆ ಆಗುವವರೆಗೆ ಆಂಪ್ಲಿಫೈಯರಿಗೆ ವೈರ್ ಹಚ್ಚಬಾರದು.

ಪವರ್ ವೈರಿಗೆ ಕಾರ್ ಅಕ್ಸೆಸರಿ ಅಂಗಡಿಯ ಕಿಟ್ ಬಿಟ್ಟು, ಹಾರ್ಡ್‌ವೇರ್ ಅಂಗಡಿಯಿಂದ 25 ಚದರ ಮಿ.ಮೀ. ವೆಲ್ಡಿಂಗ್ ಕೇಬಲ್ 4 ಮೀಟರ್ ತರಲಾಯಿತು. ಸಣ್ಣ ಎಳೆಯದು, ಬಾಗುತ್ತದೆ, ರಬ್ಬರ್ ಹೊದಿಕೆ ಗಟ್ಟಿ. ಆದರೆ ಇದರಲ್ಲೂ ಅಲ್ಯೂಮಿನಿಯಂ ಬರುತ್ತದೆ. ಅಂಗಡಿಯಲ್ಲೇ ಒಂದು ಎಳೆ ಕೆರೆದು ಒಳಗೂ ಕೆಂಪಿದೆಯೇ ನೋಡಿ ಕೊಳ್ಳುವುದು. ತುದಿಗಳಿಗೆ ತಾಮ್ರದ ಲಗ್, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ್ದು. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಅದುರುವಿಕೆಗೆ ತಿಂಗಳೊಪ್ಪತ್ತಿನಲ್ಲಿ ಸಡಿಲಾಗುತ್ತದೆ. ಆಂಪ್ಲಿಫೈಯರಿನ ಕಿಂಡಿಗೆ ಅಷ್ಟು ದಪ್ಪದ ಕೇಬಲ್ ಹೋಗದಿದ್ದಾಗ ಎಳೆಗಳನ್ನು ಕತ್ತರಿಸಿ ತುರುಕುವ ಚಾಳಿಯಿದೆ. ಅದರ ಬದಲು ಪಿನ್ ಲಗ್ ಹಾಕಬೇಕು. ಬ್ಯಾಟರಿ ಪ್ಲಸ್‌ನಿಂದ 20 ಸೆಂಟಿಮೀಟರ್ ದೂರದಲ್ಲಿ ಮುಚ್ಚಳವಿರುವ ಎಎನ್‌ಎಲ್ (ಬೋಲ್ಟಿನಿಂದ ಬಿಗಿಯುವ ದೊಡ್ಡ ಫ್ಯೂಸ್) ಹೋಲ್ಡರ್, ಅದರಲ್ಲಿ 60 ಆಂಪಿಯರ್ ಫ್ಯೂಸ್. ಆಂಪ್ಲಿಫೈಯರಿಗೆ ಮತ್ತೆ 25ರ ಜೋಡಿ. ಕೇಬಲನ್ನು ಸೈಲೆನ್ಸರ್ ಇಲ್ಲದ ಬದಿಯಿಂದ, ಕ್ಲಚ್-ಬ್ರೇಕ್ ರಾಡಿಗೂ ಹೈಡ್ರಾಲಿಕ್ ಪೈಪಿಗೂ ತಾಗದಂತೆ, ಫ್ಲೆಕ್ಸಿಬಲ್ ಪೈಪಿನೊಳಗೆ ಹಾಯಿಸಿ ಪ್ರತಿ ಅಡಿಗೊಂದು ಕ್ಲಾಂಪ್. ಡೆಕ್ಕಿನಿಂದ ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಿಂದ. ಒಟ್ಟಿಗೆ ಹಾಯಿಸಿದರೆ ಎಂಜಿನ್ ಏರಿದಂತೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಸೇರಬಹುದು.

ನೆಗೆಟಿವ್ ಅನ್ನು ನೇರ ಬ್ಯಾಟರಿ ಮೈನಸ್‌ಗೆ ಒಯ್ಯುವ ಸಲಹೆ ಹಲವರು ಕೊಡುತ್ತಾರೆ. ಟ್ರ್ಯಾಕ್ಟರಿನಲ್ಲಿ ಅದು ಬೇಡ. ಬ್ಯಾಟರಿಯಿಂದ ಚಾಸಿಗೆ ಬರುವ ಹೆಣೆದ ಪಟ್ಟಿ ಸಡಿಲವಾದ ದಿನ, ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಆಂಪ್ಲಿಫೈಯರಿನ ಮೈನಸ್ ಮೂಲಕ, ಆರ್‌ಸಿಎ ಕೇಬಲಿನ ಜಾಲರಿಯ ಮೂಲಕ ದಾರಿ ಹುಡುಕುತ್ತದೆ. ಹಿಂದಿನ ಆಕ್ಸಲ್ ಹೌಸಿಂಗಿನ ಒಂದು ಬೋಲ್ಟ್ ಆರಿಸಿ, ಎಮರಿ ಪೇಪರಿನಿಂದ ಬೆಳ್ಳಗೆ ಲೋಹ ಕಾಣುವವರೆಗೆ ಉಜ್ಜಿ, ಸ್ಟಾರ್ ವಾಷರ್ ಹಾಕಿ ಅದೇ 25 ಚದರ ಮಿ.ಮೀ. ಕೇಬಲ್ ಬಿಗಿದು, ಮೇಲೆ ವ್ಯಾಸಲಿನ್ ಸವರಲಾಯಿತು. ಬ್ಯಾಟರಿಯ ಹೆಣೆದ ಪಟ್ಟಿಯ ಎರಡು ತುದಿಗಳನ್ನೂ ಹೀಗೇ ಉಜ್ಜಿ ಬಿಗಿಯಬೇಕು; ಈ ಗಾಡಿಯಲ್ಲಿ ಚಾಸಿ ತುದಿ ಹಸಿರುಗಟ್ಟಿತ್ತು.

ಆಂಪ್ಲಿಫೈಯರನ್ನು ಪೆಟ್ಟಿಗೆಯ ಬೆನ್ನಿನಿಂದ ತೆಗೆದು, ರಬ್ಬರ್ ಬುಷ್ ಕೊಟ್ಟು, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ, ಸುತ್ತ ನಾಲ್ಕು ಬೆರಳು ಗಾಳಿ ಬಿಟ್ಟು ಕೂರಿಸಲಾಯಿತು. ಕಬ್ಬಿನ ರವದಿಯ ಪುಡಿ, ದಾರಿಯ ಧೂಳು ರೆಕ್ಕೆಗಳ ನಡುವೆ ಕೂತು ಕಂಬಳಿಯಂತಾಗುತ್ತದೆ. ಎರಡು ವಾರಕ್ಕೊಮ್ಮೆ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿದರೆ ಸಾಕು. ಇನ್ನೊಂದು: ಹಂಗಾಮಿನಲ್ಲಿ ಟ್ರೇಲರಿನ ಕೊಂಡಿ, ಫ್ರೇಮು ವೆಲ್ಡಿಂಗ್ ಮಾಡಿಸುವುದು ಇದ್ದದ್ದೇ. ಗಾಡಿಗೆ ಕಟ್ಟಿದಂತೆಯೇ ವೆಲ್ಡಿಂಗ್ ಮಾಡಿಸುವುದಾದರೆ ಬ್ಯಾಟರಿ ನೆಗೆಟಿವ್ ಮತ್ತು ಆಂಪ್ಲಿಫೈಯರಿನ ವೈರ್ ಎರಡೂ ಬಿಚ್ಚಿಡಬೇಕು.

ಗೇನ್ ಎಂಬುದು ವಾಲ್ಯೂಮ್ ಅಲ್ಲ

ಬಯಲಿನಲ್ಲಿ ಓಡುವ ಗಾಡಿಗೆ ಕಾರಿನ ಅನುಕೂಲವಿಲ್ಲ. ಗಾಜು ಏರಿಸಿದ ಕಾರಿನೊಳಗೆ ಕೆಳಗಿನ ಸ್ವರಗಳು ತಾವಾಗಿ ತುಂಬಿಕೊಳ್ಳುತ್ತವೆ. ಟ್ರ್ಯಾಕ್ಟರಿನ ಮೇಲೆ ಗಾಳಿಗೆ ಹೋಗುತ್ತವೆ. ಆ ಕೊರತೆ ತುಂಬಲು ಇಲ್ಲಿ ಬೇಸ್ ಬೂಸ್ಟನ್ನು ಪೂರ್ತಿ 12 ಡೆಸಿಬೆಲಿಗೆ ತಿರುಗಿಸಿದ್ದರು. 12 ಡೆಸಿಬೆಲ್ ಎಂದರೆ ಆ ಸ್ವರಕ್ಕೆ ಹದಿನಾರು ಪಟ್ಟು ವ್ಯಾಟ್ ಬೇಡಿಕೆ. ಅದನ್ನು ಸೊನ್ನೆಗೆ ತರಲಾಯಿತು. ಲೋಪಾಸ್ (ಅದಕ್ಕಿಂತ ಮೇಲಿನ ಸ್ವರ ತಡೆಯುವ ಫಿಲ್ಟರ್) 80 ಹರ್ಟ್ಸ್, ಪೋರ್ಟ್ ಪೆಟ್ಟಿಗೆಯಾದ್ದರಿಂದ ಸಬ್‌ಸಾನಿಕ್ (ಅದಕ್ಕಿಂತ ಕೆಳಗಿನದನ್ನು ತಡೆಯುವುದು) 30.

ಇನ್ನು ಗೇನ್: ಡೆಕ್ಕಿನಿಂದ ಬರುವ ಸಿಗ್ನಲ್ಲನ್ನು ಆಂಪ್ಲಿಫೈಯರ್ ಎಷ್ಟು ಹಿಗ್ಗಿಸಬೇಕು ಎಂದು ಒಮ್ಮೆ ಹೊಂದಿಸಿ ಬಿಡುವ ಗುಂಡಿ. ಇಲ್ಲಿ ಆಂಪ್ಲಿಫೈಯರಿನ ತಾಕತ್ತಿಗಿಂತ ಮೊದಲು ಆಲ್ಟರ್ನೇಟರ್ ಲೆಕ್ಕ. ರಾತ್ರಿ ಹೆಡ್‌ಲೈಟು, ಹಿಂದಿನ ಕೆಲಸದ ದೀಪ, ಟ್ರೇಲರ್ ದೀಪಗಳು ಸೇರಿ ಸುಮಾರು 14 ಆಂಪಿಯರ್. 36ರಲ್ಲಿ ಉಳಿದದ್ದು 22, ಅದೂ ಎಂಜಿನ್ ಏರಿದಾಗ. 300 ವ್ಯಾಟಿಗೆ 27 ಆಂಪಿಯರ್ ಬೇಕು, 200 ವ್ಯಾಟಿಗೆ 18. ಹಾಗಾಗಿ 200ಕ್ಕೆ ಕಟ್ಟಲಾಯಿತು. 200 ಗುಣಿಸು 4 ಓಮ್ ಅಂದರೆ 800, ಅದರ ವರ್ಗಮೂಲ 28.3 ವೋಲ್ಟ್. ವೂಫರ್ ವೈರ್ ಬಿಚ್ಚಿ, ಗೇನ್ ಕನಿಷ್ಠಕ್ಕಿಟ್ಟು, ಡೆಕ್ಕಿನ ವಾಲ್ಯೂಮ್ 40ರಲ್ಲಿ 30ಕ್ಕಿಟ್ಟು, ಪೆನ್‌ಡ್ರೈವಿನಿಂದ 50 ಹರ್ಟ್ಸ್ ಟೋನ್ ಬಾರಿಸುತ್ತ, ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್ಲಿಗೆ ಎಸಿ ವೋಲ್ಟ್ ಮೀಟರ್ ಹಿಡಿದು 28 ಬರುವವರೆಗೆ ಗೇನ್ ಏರಿಸಿ ಅಲ್ಲಿಗೆ ಬಿಟ್ಟದ್ದು. ಆ ಗುಂಡಿಯ ಮೇಲೆ ಉಗುರು ಬಣ್ಣದ ಒಂದು ಹನಿ ಗುರುತಿಗೆ.

ವೈರ್ ಮತ್ತೆ ಹಚ್ಚಿ ಅಳೆದಾಗ ಕರೆಂಟ್ 15ರಿಂದ 16 ಆಂಪಿಯರ್. ಬ್ಯಾಟರಿ 13.7, ಆಂಪ್ಲಿಫೈಯರ್ 13.6. ದೀಪಗಳನ್ನೆಲ್ಲ ಹತ್ತಿಸಿ ಒಂದು ತಾಸು ಹಾಡಿಸಿದರೂ ಕೆಂಪು ದೀಪವಿಲ್ಲ, ಮಿಣುಕಿಲ್ಲ, ಆಂಪ್ಲಿಫೈಯರಿನ ಮೈಮೇಲೆ ಅಂಗೈ ಇಟ್ಟು ನಿಲ್ಲಬಹುದಿತ್ತು. ವ್ಯಾಟ್ ಇಳಿದರೂ ಬೇಸ್ ಏರಿತು: ತಾನೇ ತನ್ನನ್ನು ತಡೆಯುತ್ತಿದ್ದ ಎರಡನೇ ಕೋನ್ ಈಗ ಮೊದಲನೆಯದರ ಜೊತೆ ದುಡಿಯುತ್ತಿದೆ. ಮಾಲೀಕರು ವಾಲ್ಯೂಮ್ ಏರಿಸಲು ಹೋಗಿ ಕೈ ಹಿಂದೆಗೆದುಕೊಂಡರು.

ರಿಮೋಟ್ ಟರ್ಮಿನಲ್ಲಿಗೆ ಡೆಕ್ಕಿನ ನೀಲಿ-ಬಿಳಿ ವೈರ್ ಬಂತು. ಅಂಗಳದಲ್ಲಿ ಎಂಜಿನ್ ಬಂದ್ ಇಟ್ಟು ಹಾಡು ಕೇಳಬೇಕೆಂದರೆ, ಮಧ್ಯಮ ಸದ್ದಿಗೆ 8ರಿಂದ 10 ಆಂಪಿಯರ್ ಹಿಡಿದರೂ, ತುಂಬಿದ 88 ಎಎಚ್ ಬ್ಯಾಟರಿಯ ಅರ್ಧ ಸುಮಾರು ನಾಲ್ಕೂವರೆಯಿಂದ ಐದೂವರೆ ತಾಸಿನಲ್ಲಿ ಮುಗಿಯುತ್ತದೆ. ಹಳೆಯ ಬ್ಯಾಟರಿಗೆ ಅದಕ್ಕೂ ಕಡಿಮೆ. ಡೆಕ್ಕಿನ ಪಕ್ಕ ಒಂದು ಸಣ್ಣ ಡಿಜಿಟಲ್ ವೋಲ್ಟ್ ಮೀಟರ್ ಕೂರಿಸಿ, ಹಾಡುತ್ತಿರುವಾಗ 12ಕ್ಕೆ ಇಳಿದರೆ ಬಂದ್ ಮಾಡಿ ಎಂದು ಡ್ರೈವರಿಗೆ ಹೇಳಲಾಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ತಡೆ ಹೇಗೂ ಇದೆ. ನಿಯಮ ಬದಿಗಿಟ್ಟರೂ, ಹಿಂದಿನ ಬಸ್ಸಿನ ಹಾರ್ನ್ ಮತ್ತು ಟ್ರೇಲರ್ ಪಿನ್ನಿನ ಕಟಕಟ ಕೇಳದಷ್ಟು ಸದ್ದು ಎರಡು ಟ್ರೇಲರ್ ಎಳೆಯುವವನಿಗೆ ಒಳ್ಳೆಯದಲ್ಲ.

ಹದಿನೈದು ದಿನದ ಮೇಲೆ ಮತ್ತೆ ಪರೀಕ್ಷಿಸಿದಾಗ ಸ್ಪೀಕರ್ ತುದಿಯಲ್ಲಿ ಅದೇ 3.4 ಓಮ್, ನೆಗೆಟಿವ್ ದಾರಿಯ ನಷ್ಟ 0.03 ವೋಲ್ಟ್. ಎಎನ್‌ಎಲ್ ಹೋಲ್ಡರಿನ ಒಂದು ನಟ್ಟು ಮಾತ್ರ ಅದುರಿ ಕಾಲು ಸುತ್ತು ಸಡಿಲಾಗಿತ್ತು. ಅದರಡಿ ಸ್ಪ್ರಿಂಗ್ ವಾಷರ್ ಸೇರಿಸಿ ಬಿಗಿಯಲಾಯಿತು.